ಶುಶ್ರೂಷಕಿಯರ ಬೆನ್ನುನೋವು: ಒಂದು ವಿಚಾರ

ಔಷಧವನ್ನು ಗೊತ್ತುಮಾಡುವವರು ವೈದ್ಯರಾದರೆ, ಹಗಲಿರುಳೆನ್ನದೆ ರೋಗಿಯ ಮಗ್ಗುಲಲ್ಲಿ ನಿಲ್ಲುವವರು ಶುಶ್ರೂಷಕಿಯರು. ರೋಗಿಯನ್ನು ಹೊರಳಿಸುವುದು, ಎಬ್ಬಿಸಿ ಕೂರಿಸುವುದು, ಮಂಚದಿಂದ ಗಾಲಿಕುರ್ಚಿಗೆ ಸಾಗಿಸುವುದು ಇವರ ನಿತ್ಯದ ಕಾರ್ಯ. ಅನ್ಯರ ನೋವನ್ನು ನೀಗಿಸುವ ಈ ಸೇವಾನಿರತರಲ್ಲಿಯೇ ಸೊಂಟನೋವು ವ್ಯಾಪಕವಾಗಿರುವುದು ವಿಚಾರಾರ್ಹವಾದ ಸಂಗತಿ. ಬಾಗುವ ಕ್ರಮವನ್ನರಿಯದೆ ಎತ್ತುವುದೇ ಇದಕ್ಕೆ ಕಾರಣವೆಂಬ ಮಾತು ರೂಢಿಯಲ್ಲಿದೆ. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರಿಶೀಲಿಸಬೇಕು.

ಸೊಂಟದ ಭಾಗದಲ್ಲಿ 5 ಕಶೇರುಮಣಿಗಳಿದ್ದು, ಅವುಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಬೆನ್ನನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಬಿಲ್ಲೆಯ ಮಧ್ಯದಿಂದ ಸುಮಾರು 5 ಸೆಂಟಿಮೀಟರ್ ಹಿಂದಿವೆ. ಮಂಚದ ಮೇಲಿನ ರೋಗಿಯಾದರೋ ಸುಮಾರು 50 ಸೆಂಟಿಮೀಟರ್ ಮುಂದಿರುತ್ತಾನೆ. ಶಾಲೆಯಲ್ಲಿ ಕಲಿಸುವ ಸನ್ನೆಕೋಲಿನ ನಿಯಮದಂತೆ, 10 ಕಿಲೋಗ್ರಾಂ ಎತ್ತಲು ಸ್ನಾಯುಗಳು ಅದರ 10 ಪಟ್ಟು, ಎಂದರೆ 100 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲವನ್ನು ಪ್ರಯೋಗಿಸಬೇಕಾಗುತ್ತದೆ. ಬಾಗಿದ ಮೈಯ ಭಾರ ಇದಕ್ಕೆ ಹೊರತಾದುದು. ಇವೆಲ್ಲದರ ಒತ್ತಡವೂ ಆ ಬಿಲ್ಲೆಗಳ ಮೇಲೆಯೇ ಬೀಳುತ್ತದೆ.

ಅಮೆರಿಕದ ವಿಜ್ಞಾನಿ ಥಾಮಸ್ ವಾಟರ್ಸ್ ಅವರು, ಅನುಕೂಲ ಸನ್ನಿವೇಶದಲ್ಲಿಯೂ ರೋಗಿಯನ್ನು ಎತ್ತುವಾಗ ಒಬ್ಬರ ಪಾಲಿನ ಭಾರ ಸುಮಾರು 16 ಕಿಲೋಗ್ರಾಂ ಮೀರಬಾರದೆಂದು 2007ರಲ್ಲಿ ಸೂಚಿಸಿದರು. 60 ಕಿಲೋಗ್ರಾಂ ತೂಕದ ರೋಗಿಯನ್ನು ಇಬ್ಬರು ಸಮನಾಗಿ ಎತ್ತಿದರೂ ತಲಾ 30 ಕಿಲೋಗ್ರಾಂ ಆಗುತ್ತದೆ. ರೋಗಿಯು ಮೂಟೆಯಂತಲ್ಲ, ಹಿಡಿಯಲು ಹಿಡಿಕೆಯಿಲ್ಲ, ಕಾಲು ಸೋತರೆ ಹಠಾತ್ತನೆ ಕುಸಿಯಬಹುದು. ಆದುದರಿಂದ ಬಾಗುವ ಕ್ರಮವೊಂದೇ ಸಾಲದು. ಭಾರ ಎತ್ತುವ ಬೋಧನೆಯಿಂದ ಬೆನ್ನುನೋವು ತಗ್ಗುತ್ತದೆಂಬುದಕ್ಕೆ 2011ರ ಕಾಕ್ರೇನ್ ಸಮೀಕ್ಷೆಯಲ್ಲಿಯೂ ಆಧಾರ ದೊರೆಯಲಿಲ್ಲ.

ದೇಹಶ್ರಮದೊಡನೆ ಮನಸ್ಸಿನ ಒತ್ತಡವೂ ಕೂಡಿಕೊಳ್ಳುತ್ತದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಪ್ರಮಾಣದಂತೆ ಬೋಧನಾ ಆಸ್ಪತ್ರೆಗಳಲ್ಲಿ 3 ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬ ಶುಶ್ರೂಷಕಿ ಇರತಕ್ಕದ್ದು. ಈ ಪ್ರಮಾಣ ತಪ್ಪಿದ ವಾರ್ಡಿನಲ್ಲಿ, ರಾತ್ರಿಯ ಪಾಳಿಯಲ್ಲಿ, ನೆರವಿನ ಕೈಗಾಗಿ ಕಾಯಲು ವ್ಯವಧಾನವೆಲ್ಲಿಯದು? ಒಬ್ಬಳೇ ಎತ್ತುತ್ತಾಳೆ. ಆತಂಕದಿಂದ ಸ್ನಾಯುಗಳು ಬಿಗಿಯುತ್ತವೆ. ವಿಶ್ರಾಂತಿಯಿಲ್ಲದೆ ನೋವು ಬೇರೂರುತ್ತದೆ. ರಜೆ ಹಾಕಿದರೆ ಅವಳ ಪಾಲಿನ ಭಾರ ಸಂಗಾತಿಯ ಬೆನ್ನಿಗೇರುತ್ತದೆ. ಆ ಸಂಕೋಚದಿಂದಲೇ ಅನೇಕರು ನೋವನ್ನು ನುಂಗಿ ದುಡಿಯುತ್ತಾರೆ.

ಪರಿಹಾರವು ಅಸಾಧ್ಯವಾದುದೇನಲ್ಲ. ಎತ್ತರವನ್ನು ಹೊಂದಿಸಬಲ್ಲ ಮಂಚವಿದ್ದರೆ ಬಾಗುವ ಶ್ರಮ ತಗ್ಗುತ್ತದೆ. ನುಣುಪಾದ ಜಾರುಹಾಸು ಇದ್ದರೆ ರೋಗಿಯನ್ನು ಎತ್ತದೆಯೇ ಸರಿಸಬಹುದು. ತೀರ ಅಶಕ್ತರಿಗೆ ಎತ್ತುವ ಯಂತ್ರಗಳಿವೆ. ಇವೆಲ್ಲಕ್ಕೂ ಮಿಗಿಲಾಗಿ ಸಾಕಷ್ಟು ಸಿಬ್ಬಂದಿ ಬೇಕು. ಆಸ್ಪತ್ರೆಗೆ ಮಂಚವನ್ನು ದಾನವಾಗಿ ನೀಡುವವರು ಅದರ ಎತ್ತರ ಬದಲಾಗುವುದೇ ಎಂದು ವಿಚಾರಿಸಿದರೆ, ಆ ದಾನವು ಮಲಗುವವನಿಗೂ ಆರೈಕೆ ಮಾಡುವವಳಿಗೂ ಸಲ್ಲುತ್ತದೆ. ಸೇವೆಯನ್ನು ಕೊಂಡಾಡುವ ಸಮಾಜವು ಸೇವೆ ಮಾಡುವವರ ಶರೀರವನ್ನು ಕಾಯುವುದೂ ಅಷ್ಟೇ ಅವಶ್ಯಕ.