ನೆಲ ಹಿಗ್ಗಿತೇ, ಕುಗ್ಗಿತೇ?

ದಾವಣಗೆರೆಯಲ್ಲೊಂದು, ಹರಿಹರದಲ್ಲೊಂದು ಕಲ್ಲುಕಂಬವನ್ನು ನೆಟ್ಟು, ಅವುಗಳ ನಡುವಣ ದೂರವನ್ನು ಅಳೆದೆವೆಂದು ಭಾವಿಸೋಣ. ದೂರ ಸುಮಾರು 14 ಕಿಲೋಮೀಟರು. ಮುಂದಿನ ವರ್ಷ ಮತ್ತೆ ಅಳೆದರೆ ವ್ಯತ್ಯಾಸ ಕಂಡೀತೆ? ಭಾರತದ ಭೂಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿರುವುದು ನಿಜ. ಆದರೆ ಎರಡು ಊರುಗಳೂ ಒಂದೇ ದೋಣಿಯ ಪ್ರಯಾಣಿಕರಂತೆ ಜೊತೆಯಾಗಿಯೇ ಸಾಗುವುದರಿಂದ ನಡುವಣ ದೂರ ಬದಲಾಗದು. ಚಲನೆ ಬೇರೆ, ವಿರೂಪ ಬೇರೆ. ನೆಲವು ಹತ್ತು ಲಕ್ಷದಲ್ಲಿ ಒಂದು ಪಾಲು ಹಿಗ್ಗಿದರೆ ನಮ್ಮ ಅಳತೆಯಲ್ಲಿ 14 ಮಿಲಿಮೀಟರು ಹೆಚ್ಚುತ್ತದೆ. ಹುಡುಕಬೇಕಾದುದು ಇಷ್ಟು ಸಣ್ಣದನ್ನು.

ಇದರ ಅಗತ್ಯವೇನು? 2021ರಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಭೂಮಿ ಮತ್ತೆ ಮತ್ತೆ ನಡುಗಿತು. ಅಕ್ಟೋಬರಿನ ಒಂದು ಕಂಪನದ ಪ್ರಮಾಣ ಸುಮಾರು 4. ಜನರು ರಾತ್ರಿಗಳನ್ನು ಮನೆಯ ಹೊರಗೆ ಕಳೆದರು. 1993ರ ಕಿಲ್ಲಾರಿಯ ದುರಂತವನ್ನು ಆ ಸೀಮೆ ಮರೆತಿಲ್ಲ. ಪ್ರಧಾನ ಕಂಪನವೊಂದಿಲ್ಲದೆ ಹಿಂಡಾಗಿ ಬರುವ ಇಂತಹ ಕಂಪನಗಳ ಕೆಳಗೆ ಶಿಲೆ ಸದ್ದಿಲ್ಲದೆ ಜಾರುತ್ತಿದೆಯೇ, ನೀರು ಒತ್ತುತ್ತಿದೆಯೇ ಎಂಬುದನ್ನು ಕಂಪನಮಾಪಕವೊಂದೇ ಹೇಳಲಾರದು.

ಜಪಾನಿನ ಮಾತ್ಸುಶಿರೋದಲ್ಲಿ 1965ರ ಆಗಸ್ಟಿನಲ್ಲಿ ತೊಡಗಿದ ಹಿಂಡು ಲಕ್ಷಗಟ್ಟಲೆ ಕಂಪನಗಳನ್ನು ಕಂಡಿತು. ಅಲ್ಲಿನ ವಿಜ್ಞಾನಿಗಳು ಬೆಳಕಿನ ಕಿರಣವನ್ನು ದೂರದ ಕನ್ನಡಿಗೆ ಕಳುಹಿಸಿ, ಅದು ಮರಳಿ ಬಂದ ರೀತಿಯಿಂದ ದೂರವನ್ನು ಅಳೆದರು; ಮಟ್ಟಸದ ಅಳತೆಯಿಂದ ಎತ್ತರವನ್ನು ಕಂಡುಕೊಂಡರು. ನೆಲ ಅರ್ಧ ಮೀಟರಿಗೂ ಮಿಕ್ಕು ಉಬ್ಬಿತ್ತು! ಬಿರುಕುಗಳಿಂದ ನೀರು ಉಕ್ಕಿ ಹರಿದಾಗ ಆಳದ ನೀರಿನ ಕೈವಾಡ ಪ್ರಕಟವಾಯಿತು.

ನಮ್ಮ ಎರೆಭೂಮಿಯಲ್ಲಿ ಬೇರೊಂದು ತೊಡಕುಂಟು. ಈ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೇಲುಮಣ್ಣಿನಲ್ಲಿ ನೆಟ್ಟ ಕಂಬ ಮಳೆಯನ್ನೇ ಅಳೆದೀತು! ಬುಡ ಬಂಡೆಗೆ ತಾಗಲೇಬೇಕು.

ಅದಕ್ಕಿಂತ ದೊಡ್ಡ ತೊಡಕೆಂದರೆ, ಕಂಪನ ತೊಡಗಿದ ಮೇಲೆ ನೆಟ್ಟ ಕಂಬಕ್ಕೆ ಹಿಂದಿನ ಅಳತೆಯೇ ಇರುವುದಿಲ್ಲ. 2014ರಲ್ಲಿ ಹಾರಿದ ಯೂರೋಪಿನ ಸೆಂಟಿನೆಲ್-1 ಉಪಗ್ರಹ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದೆ. ಅದು ಒಂದೇ ಸ್ಥಳದ ಮೇಲೆ ಮತ್ತೆ ಮತ್ತೆ ಹಾಯ್ದು ರಾಡಾರ್ ಅಲೆಗಳಿಂದ ಚಿತ್ರ ತೆಗೆಯುತ್ತದೆ. ಕಂಪನದ ಮೊದಲಿನ ಮತ್ತು ಅನಂತರದ ಚಿತ್ರಗಳನ್ನು ಹೋಲಿಸಿದಾಗ ಬಣ್ಣದ ಪಟ್ಟೆಗಳು ಮೂಡುತ್ತವೆ. ಅಲೆಯು ಹೋಗಿ ಬರಬೇಕಾದುದರಿಂದ ಒಂದೊಂದು ಪಟ್ಟೆಯೂ ಅಲೆಯುದ್ದದ ಅರ್ಧದಷ್ಟು, ಎಂದರೆ ಸುಮಾರು 2.8 ಸೆಂಟಿಮೀಟರಿನ ಸರಿತವನ್ನು ಸೂಚಿಸುತ್ತದೆ. ಕಲಬುರಗಿಯ ತೊಗರಿ, ಹರಿಹರದ ಭತ್ತ ಬೆಳೆದು ನಿಂತಾಗ ಮಾತ್ರ ಈ ಪಟ್ಟೆಗಳು ಕಲಸಿಹೋಗುತ್ತವೆ. ಆಗ ಬಂಡೆಗಳನ್ನೂ ಕಟ್ಟಡಗಳನ್ನೂ ನಂಬಬೇಕು.