ಸ್ನಾತಕೋತ್ತರ ಶಿಕ್ಷಣ: ಸೀಟು ಹಿಡಿಯುವ ಮುನ್ನ ಲೆಕ್ಕ ಹಿಡಿಯೋಣ

ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿದು ಮನೆಯ ಜಮಾ-ಖರ್ಚು ನೋಡುವ ಹೊತ್ತಿಗೆ ನಮ್ಮ ಮಕ್ಕಳ ಪದವಿ ಪರೀಕ್ಷೆಗಳೂ ಹತ್ತಿರವಾಗುತ್ತವೆ. ಡಿಗ್ರಿಯ ನಂತರ ಮುಂದೇನು ಎಂಬ ಪ್ರಶ್ನೆ ಆಗ ಏಳುತ್ತದೆ. ಎಂ.ಎಸ್ಸಿ.ಯೋ, ಎಂ.ಟೆಕ್.ಓ, ಎಂ.ಬಿ.ಎ.ಯೋ, ಇಲ್ಲವೇ ಪರದೇಶವೋ ಎಂಬ ಚರ್ಚೆ ಮನೆಯಲ್ಲಿ ನಡೆಯುತ್ತದೆ. ಮಕ್ಕಳು ಓದಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಯಾವ ಹಣದಿಂದ ಓದಬೇಕು, ಆ ಹಣವನ್ನು ಯಾರು, ಎಷ್ಟು ವರ್ಷ ತೀರಿಸಬೇಕು ಎಂಬುದನ್ನು ಮಾತ್ರ ಇಲ್ಲಿ ವಿಚಾರ ಮಾಡೋಣ.

ತೋಟದ ಆದಾಯ ಸಂಬಳದಂತೆ ತಿಂಗಳು ತಿಂಗಳೂ ಬರುವಂಥದಲ್ಲ. 2024-25ರಲ್ಲಿ ಕಾಫಿಗೆ ದೊರೆತಂಥ ಬೆಲೆಯನ್ನು ನಾವು ಹಿಂದೆ ಕಂಡಿರಲಿಲ್ಲ. ಆದರೆ 2000ದ ನಂತರದ ಕೆಲವು ವರ್ಷ ಬೆಲೆ ಕುಸಿದು, ಕೊಯ್ಲಿನ ಕೂಲಿಗೂ ಕಷ್ಟವಾದದ್ದನ್ನು ನಮ್ಮಲ್ಲಿ ಹಿರಿಯರಾದವರು ಮರೆತಿಲ್ಲ. ಅಡಿಕೆಗೆ ಕೊಳೆರೋಗ, ಎಲೆಚುಕ್ಕಿ ರೋಗಗಳ ಕಾಟ ಬೇರೆ. ಒಳ್ಳೆಯ ಬೆಲೆಯ ವರ್ಷದಲ್ಲಿ ಮಾಡಿದ ಸಾಲವನ್ನು ಕೆಟ್ಟ ಬೆಲೆಯ ವರ್ಷದಲ್ಲೂ ತೀರಿಸಬೇಕಾಗುತ್ತದೆ. ಆದ್ದರಿಂದ ಓದಿನ ಖರ್ಚನ್ನು ಸಾಧಾರಣ ವರ್ಷದ ಆದಾಯದ ಮೇಲೆ ಅಳೆಯಬೇಕೇ ಹೊರತು, ಈ ವರ್ಷ ಮಂಡಿಯಿಂದ ಬಂದ ಚೀಟಿಯ ಮೇಲಲ್ಲ.

ಶುಲ್ಕ ಬೇರೆ, ಖರ್ಚು ಬೇರೆ

ಕಾಲೇಜಿನವರು ಮೊದಲು ಹೇಳುವುದು ಬೋಧನಾ ಶುಲ್ಕವನ್ನು ಮಾತ್ರ. ನಾವು ಬರೆದುಕೊಳ್ಳಬೇಕಾದ ಬಾಬ್ತುಗಳು ಇನ್ನೂ ಇವೆ: ಹಾಸ್ಟೆಲ್ ಮತ್ತು ಊಟ, ಪರೀಕ್ಷಾ ಶುಲ್ಕ, ಪುಸ್ತಕ ಮತ್ತು ಕಂಪ್ಯೂಟರ್, ಊರಿಗೆ ಬಂದು ಹೋಗುವ ಖರ್ಚು, ಪ್ರಾಜೆಕ್ಟಿನ ಖರ್ಚು. ಎರಡನೆಯ ವರ್ಷ ಶುಲ್ಕ ಏರುವುದುಂಟು. ಅದನ್ನು ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು. ತೋಟ ನೋಡಿಕೊಳ್ಳುತ್ತಿದ್ದ ಮಗನೋ ಮಗಳೋ ಹೊರಟರೆ ಅವರ ಕೆಲಸಕ್ಕೆ ಆಳು ಬೇಕಾಗುತ್ತದೆ. ಆ ಸಂಬಳವೂ ಓದಿನ ಖರ್ಚೇ.

ಈ ಒಟ್ಟು ಮೊತ್ತದಿಂದ ಖಚಿತವಾಗಿ ಸಿಗುವ ನೆರವನ್ನಷ್ಟೇ ಕಳೆಯಬೇಕು. ಉಳಿಯುವುದು ನಿವ್ವಳ ಖರ್ಚು. ಎರಡು ಸೀಟುಗಳನ್ನು ಹೋಲಿಸುವಾಗ ಈ ನಿವ್ವಳವನ್ನೇ ಹೋಲಿಸಬೇಕು. ತಿಳಿಯುವುದಕ್ಕಾಗಿ ಮೂರು ಸೀಟುಗಳ ಲೆಕ್ಕ ಕೆಳಗಿದೆ. ಶುಲ್ಕ ಮತ್ತು ವಸತಿಯ ಅಂಕಿಗಳು ಉದಾಹರಣೆಗೆ ಹಾಕಿಕೊಂಡವು. ಆ ಜಾಗದಲ್ಲಿ ನಿಮ್ಮ ಕಾಲೇಜಿನ ಅಂಕಿಗಳನ್ನು ಇಟ್ಟು ನೋಡಿ.

ಮೊದಲನೆಯದು, ಸರ್ಕಾರಿ ವಿಶ್ವವಿದ್ಯಾನಿಲಯದ ಎಂ.ಎಸ್ಸಿ. ಎರಡು ವರ್ಷಕ್ಕೆ ಶುಲ್ಕ 80,000 ರೂ., ಹಾಸ್ಟೆಲ್ ಮತ್ತು ಊಟ 1,40,000 ರೂ., ಇತರೆ 40,000 ರೂ. ಒಟ್ಟು 2,60,000 ರೂ. ನೆರವು ಇಲ್ಲವೆಂದೇ ಇಟ್ಟುಕೊಂಡರೂ ನಿವ್ವಳ 2,60,000 ರೂ.

ಎರಡನೆಯದು, ಗೇಟ್ ಪರೀಕ್ಷೆ ಪಾಸಾಗಿ ಸೇರಿದ ಎಂ.ಟೆಕ್. ಶುಲ್ಕ 1,50,000, ವಸತಿ ಮತ್ತು ಊಟ 2,00,000, ಇತರೆ 40,000. ಒಟ್ಟು 3,90,000 ರೂ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂ.ನಂತೆ 24 ತಿಂಗಳಿಗೆ 2,97,600 ರೂ. ನಿವ್ವಳ 92,400 ರೂ.

ಮೂರನೆಯದು, ನಗರದ ಖಾಸಗಿ ಕಾಲೇಜಿನ ಎಂ.ಬಿ.ಎ. ಶುಲ್ಕ 9,00,000, ವಸತಿ ಮತ್ತು ಊಟ 2,40,000, ಇತರೆ 60,000; ಒಟ್ಟು 12,00,000 ರೂ. ಕಾಲೇಜು 2,00,000 ರೂ. ರಿಯಾಯಿತಿ ಕೊಟ್ಟರೆ ನಿವ್ವಳ 10,00,000 ರೂ.

ಶುಲ್ಕವನ್ನಷ್ಟೇ ನೋಡಿದರೆ ಮೊದಲನೆಯದೇ ಅಗ್ಗ. ನಿವ್ವಳ ನೋಡಿದರೆ ಎರಡನೆಯದು ಅಗ್ಗ. ಮೂರನೆಯದರಲ್ಲಿ ಎರಡು ಲಕ್ಷದ ರಿಯಾಯಿತಿ ಕಣ್ಣಿಗೆ ದೊಡ್ಡದಾಗಿ ಕಂಡರೂ ಕೈಯಿಂದ ಹೋಗುವುದು ಮೊದಲನೆಯದರ ನಾಲ್ಕು ಪಾಲಿಗೆ ಸಮೀಪ. ಮೂರನೆಯದನ್ನು ಆಯಬಾರದೆಂದು ಇದರ ಅರ್ಥವಲ್ಲ. ಮಿಕ್ಕ ಏಳು ಚಿಲ್ಲರೆ ಲಕ್ಷಕ್ಕೆ ಹೆಚ್ಚಿನದೇನು ದೊರೆಯುತ್ತದೆ ಎಂಬುದಕ್ಕೆ ಉತ್ತರ ಸಿಗಬೇಕು, ಅಷ್ಟೆ.

ನೆರವು ಎಲ್ಲಿಂದ?

ಗೇಟ್ ವೇತನಕ್ಕೆ ಪ್ರವೇಶದ ವೇಳೆಗೆ ಸಿಂಧುವಾದ ಅಂಕವಿರಬೇಕು, ಪೂರ್ಣಾವಧಿ ವ್ಯಾಸಂಗವಾಗಿರಬೇಕು, ಪರಿಷತ್ತಿನ ಮಾನ್ಯತೆಯೂ ಇರಬೇಕು. ಅದೇ ಕಾಲೇಜಿಗೆ ಬೇರೆ ದಾರಿಯಿಂದ ಸೇರಿದವರಿಗೆ ಅದು ಸಿಗದು. ವಿಜ್ಞಾನದಲ್ಲಿ ಮುಂದೆ ಪಿಎಚ್.ಡಿ. ಮಾಡುವ ಮನಸ್ಸಿದ್ದು, ರಾಷ್ಟ್ರೀಯ ಮಟ್ಟದ ಪರೀಕ್ಷೆಯಲ್ಲಿ ಜೂನಿಯರ್ ರಿಸರ್ಚ್ ಫೆಲೋಷಿಪ್ ದೊರೆತರೆ, 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂ. ಕೃಷಿ, ತೋಟಗಾರಿಕೆ ಓದಿದವರಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪ್ರವೇಶ ಪರೀಕ್ಷೆಯ ಮೂಲಕವೂ ವಿದ್ಯಾರ್ಥಿವೇತನವುಂಟು. ಒಂದು ವರ್ಷ ಶ್ರಮಪಟ್ಟು ಇಂಥ ಪರೀಕ್ಷೆ ಬರೆಯುವುದು ಎಷ್ಟೋ ಬಾರಿ ಒಂದು ಬೆಳೆಯ ಆದಾಯಕ್ಕೆ ಸಮ.

ರೈತರ ಮಕ್ಕಳಿಗಾಗಿ 2021ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗೆ ವರ್ಷಕ್ಕೆ 10,000 ರೂ., ವಿದ್ಯಾರ್ಥಿನಿಗೆ 11,000 ರೂ. ಎಂದು ಗೊತ್ತುಮಾಡಲಾಗಿತ್ತು. ಇಂಥ ಯೋಜನೆಗಳ ಹಣ ತಡವಾಗಿಯೂ ಬರಬಹುದು. ಈ ಸಾಲಿಗೆ ಮಂಜೂರಾತಿ ಇದೆಯೇ ಎಂದು ವಿಚಾರಿಸಿದ ಮೇಲೆಯೇ ಲೆಕ್ಕಕ್ಕೆ ಹಿಡಿಯಬೇಕು. ಕಾಲೇಜು ಕೊಡುವ ರಿಯಾಯಿತಿಯೂ ಹಾಗೆಯೇ. ಅದು ಮೊದಲ ವರ್ಷಕ್ಕೆ ಮಾತ್ರವೋ, ಎರಡನೆಯ ವರ್ಷ ಇಂತಿಷ್ಟು ಅಂಕ ಬಂದರೆ ಮಾತ್ರವೋ ಎಂಬುದನ್ನು ಪತ್ರದಲ್ಲಿ ಓದಿ ತಿಳಿಯಬೇಕು.

ಸಾಲದ ಲೆಕ್ಕ

ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಓದಿನ ಅವಧಿ ಮತ್ತು ಮುಂದಿನ ಒಂದು ವರ್ಷ ಸಾಮಾನ್ಯವಾಗಿ ಕಂತು ಇರುವುದಿಲ್ಲ. ಕಂತಿಲ್ಲ ಎಂದರೆ ಬಡ್ಡಿಯಿಲ್ಲ ಎಂದಲ್ಲ. ಮೇಲಿನ ಮೂರನೆಯ ಸೀಟಿಗೆ 10 ಲಕ್ಷ ಸಾಲವನ್ನು ನೂರಕ್ಕೆ 10ರ ಬಡ್ಡಿಯಲ್ಲಿ, ವರ್ಷಕ್ಕೆ 5 ಲಕ್ಷದಂತೆ ಎತ್ತಿದೆವೆನ್ನಿ. ಮೊದಲ ವರ್ಷ 50,000, ಎರಡನೆಯ ವರ್ಷ 1,00,000, ಕಂತಿಲ್ಲದ ಮೂರನೆಯ ವರ್ಷ 1,00,000. ಹೀಗೆ ಸರಳ ಬಡ್ಡಿಯೇ 2,50,000 ರೂ. ಆಗುತ್ತದೆ. ತೀರಿಸಲು ಶುರುಮಾಡುವಾಗ ಸಾಲ ಹನ್ನೆರಡೂವರೆ ಲಕ್ಷವಾಗಿರುತ್ತದೆ.

ಅದನ್ನು 10 ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 16,500 ರೂ.; ಒಟ್ಟು ಕಟ್ಟುವುದು ಸುಮಾರು 19.8 ಲಕ್ಷ. 15 ವರ್ಷಕ್ಕೆ ಹಂಚಿದರೆ ಕಂತು 13,400 ರೂ.ಗೆ ಇಳಿಯುತ್ತದೆ, ಒಟ್ಟು ಮಾತ್ರ 24 ಲಕ್ಷ ದಾಟುತ್ತದೆ. ಓದುವಾಗಲೇ ಆಯಾ ವರ್ಷದ ಬಡ್ಡಿಯನ್ನು ಮನೆಯಿಂದ ಕಟ್ಟುತ್ತಾ ಬಂದರೆ ಕಂತು 13,200 ರೂ. ಆಗಿ, 10 ವರ್ಷದಲ್ಲೇ ಸಾಲ ತೀರುತ್ತದೆ. ಒಟ್ಟಿನಲ್ಲಿ ಸುಮಾರು ಒಂದೂವರೆ ಲಕ್ಷ ಉಳಿಯುತ್ತದೆ. ಒಳ್ಳೆಯ ಬೆಲೆಯ ವರ್ಷದ ಮಿಗತೆಯನ್ನು ಹೀಗೆ ಬಡ್ಡಿಗೆ ಹಾಕುವುದು ಜಾಣತನ.

2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯನ್ನೂ ವಿಚಾರಿಸಿ. ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಲ್ಲಿ ಮೆರಿಟ್ ಮೇಲೆ ಸೀಟು ಪಡೆದವರಿಗೆ ಜಾಮೀನು, ಅಡಮಾನಗಳಿಲ್ಲದೆ ಸಾಲ ಕೊಡುವ ಯೋಜನೆ ಇದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಬೇರೆ ನೆರವು ಇಲ್ಲದವರಲ್ಲಿ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ, 10 ಲಕ್ಷದವರೆಗಿನ ಸಾಲಕ್ಕೆ, ಕಂತಿಲ್ಲದ ಅವಧಿಯಲ್ಲಿ ನೂರಕ್ಕೆ 3ರಷ್ಟು ಬಡ್ಡಿ ಸಹಾಯವೂ ಅದರಲ್ಲಿದೆ. ನಮ್ಮ ಕಾಲೇಜು ಪಟ್ಟಿಯಲ್ಲಿದೆಯೇ ಎಂಬುದು ಮೊದಲ ಪ್ರಶ್ನೆ.

ತೋಟಕ್ಕೆ ಕೈ ಹಾಕುವ ಮುನ್ನ

ಎರಡು ವಿಷಯದಲ್ಲಿ ನಾವು ಗಟ್ಟಿಯಾಗಿರಬೇಕು. ಒಂದು, ಬೆಳೆಸಾಲವನ್ನು ಕಾಲೇಜು ಶುಲ್ಕಕ್ಕೆ ತಿರುಗಿಸಬಾರದು. ಬೆಳೆಸಾಲಕ್ಕೆ ವರ್ಷದ ಗಡುವು. ಓದು ಮುಗಿಯಲು ಎರಡು ವರ್ಷ. ಗಡುವು ತಪ್ಪಿದರೆ ಬಡ್ಡಿ ರಿಯಾಯಿತಿ ಹೋಗುತ್ತದೆ; ಗೊಬ್ಬರಕ್ಕೆ, ಬೋರ್ಡೋ ಸಿಂಪಡಣೆಗೆ ಹಣವಿಲ್ಲದೆ ಮುಂದಿನ ಫಸಲೂ ಸೊರಗುತ್ತದೆ. ಎರಡು, ದೊಡ್ಡ ಸಾಲಕ್ಕೆ ಬ್ಯಾಂಕು ಭದ್ರತೆ ಕೇಳಿದಾಗ ತೋಟದ ಪಹಣಿಯನ್ನು ಮೊದಲು ಮುಂದಿಡಬಾರದು. ಠೇವಣಿ, ವಿಮಾ ಪಾಲಿಸಿ, ಮನೆ ನಿವೇಶನಗಳಲ್ಲಿ ಯಾವುದು ನಡೆಯುತ್ತದೆಂದು ಕೇಳಿ. ಒಬ್ಬರ ಓದಿಗೆ ಅಡವಿಟ್ಟ ತೋಟ ಮನೆಯ ಇತರ ಮಕ್ಕಳ ಅನ್ನವೂ ಹೌದು. ಅವರೆಲ್ಲರನ್ನೂ ಕೂರಿಸಿಕೊಂಡು ಲೆಕ್ಕವನ್ನು ಮುಂದಿಟ್ಟೇ ತೀರ್ಮಾನಿಸಬೇಕು.

ವಿದೇಶದ ಮಾತು

ಅಮೆರಿಕದಲ್ಲಿ ಎಂ.ಎಸ್. ಓದುವವರು ಹೆಚ್ಚಾಗಿ ತಾವೇ ಹಣ ಕಟ್ಟುತ್ತಾರೆ. ಅಲ್ಲಿನ ಸಂಶೋಧನಾ ವಿಶ್ವವಿದ್ಯಾನಿಲಯಗಳಲ್ಲಿ ವಿಜ್ಞಾನದ ಪಿಎಚ್.ಡಿ.ಗೆ ಸೇರಿದವರಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ ವೇತನವೂ ದೊರೆಯುತ್ತದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ. ಆದರೆ ಒಂದು ವರ್ಷದ ಜೀವನ ವೆಚ್ಚವೆಂದು 2024ರ ಸೆಪ್ಟೆಂಬರ್‌ನಲ್ಲಿ ಗೊತ್ತುಮಾಡಿದ 11,904 ಯೂರೋದಂಥ ಮೊತ್ತವನ್ನು ವೀಸಾಕ್ಕೆ ಮೊದಲೇ ಖಾತೆಯಲ್ಲಿ ತೋರಿಸಬೇಕು. ಅಲ್ಲಿನ ಖರ್ಚು ಡಾಲರ್, ಯೂರೋಗಳಲ್ಲಿ, ನಮ್ಮ ಗಳಿಕೆ ರೂಪಾಯಿಯಲ್ಲಿ. ರೂಪಾಯಿ ಇಳಿದರೆ ಎರಡನೆಯ ವರ್ಷದ ಖರ್ಚು ತಾನಾಗಿಯೇ ಏರುತ್ತದೆ. ಅದಕ್ಕೂ ಒಂದಿಷ್ಟು ಹಣ ತೆಗೆದಿಡಬೇಕು.

ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಎರಡೂ ವರ್ಷದ ಎಲ್ಲ ಶುಲ್ಕಗಳ ಪಟ್ಟಿ ಬರಹದಲ್ಲಿ ಸಿಕ್ಕಿದೆಯೇ?

2. ನೆರವು ಮಂಜೂರಾಗಿದೆಯೇ, ಅಥವಾ ಬರಬಹುದು ಎಂಬ ಮಾತು ಮಾತ್ರವೇ?

3. ಹೋದ ವರ್ಷ ಆ ತರಗತಿಯಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು? ಒಬ್ಬರಿಗೆ ಸಿಕ್ಕ ಅತಿ ದೊಡ್ಡ ಸಂಬಳವಲ್ಲ, ನಡುವಿನ ವಿದ್ಯಾರ್ಥಿಗೆ ಸಿಕ್ಕ ಸಂಬಳವೆಷ್ಟು? ಕೈಗೆ ಬರುವುದು 30,000 ರೂ. ಆಗಿ ಕಂತು 16,500 ರೂ. ಆದರೆ, ನಗರದ ಬಾಡಿಗೆಗೆ ಮತ್ತೆ ತೋಟದಿಂದಲೇ ಹಣ ಹೋಗಬೇಕಾಗುತ್ತದೆ.

4. ಕೆಲಸ ಸಿಗುವುದು ಒಂದು ವರ್ಷ ತಡವಾದರೆ ಕಂತನ್ನು ಯಾರು ಕಟ್ಟುತ್ತಾರೆ?

5. ಓದಿದವರು ತೋಟಕ್ಕೇ ಮರಳುವವರಾದರೆ, ದುಬಾರಿ ಎಂ.ಬಿ.ಎ.ಗಿಂತ ತೋಟಗಾರಿಕೆಯ ಎಂ.ಎಸ್ಸಿ.ಯೋ, ಕಾಫಿ ಮಂಡಳಿಯ ಒಂದು ವರ್ಷದ ಕಾಫಿ ಗುಣಮಟ್ಟ ಡಿಪ್ಲೊಮಾವೋ ಹೆಚ್ಚು ಉಪಯುಕ್ತವಲ್ಲವೇ?

ಈ ಐದಕ್ಕೂ ಉತ್ತರ ಬರೆದು, ಮಗ ಅಥವಾ ಮಗಳ ಕೈಗೇ ಲೆಕ್ಕದ ಪುಸ್ತಕ ಕೊಡಿ. ಸಾಲದ ಪತ್ರಕ್ಕೆ ಸಹಿ ಹಾಕುವವರು ಅವರೂ ಹೌದು. ಗಿಡ ನೆಡುವ ಮೊದಲು ಮಣ್ಣು ಪರೀಕ್ಷೆ ಮಾಡಿಸುತ್ತೇವೆ, ನೀರಿನ ದಾರಿ ನೋಡುತ್ತೇವೆ. ಎರಡು ವರ್ಷದ ಓದಿಗೂ ಹತ್ತು ವರ್ಷದ ಕಂತಿಗೂ ಅಷ್ಟೇ ಎಚ್ಚರ ಬೇಕು. ಸೀಟಿನ ಮುಂಗಡ ಕಟ್ಟುವುದಕ್ಕೆ ಮೊದಲು ಒಂದು ಸಂಜೆ ಇದಕ್ಕಾಗಿ ಕುಳಿತರೆ ಓದೂ ಆಗುತ್ತದೆ, ತೋಟವೂ ಉಳಿಯುತ್ತದೆ.