ಖಾಲಿ ತೋಟಾ, ಭಾರೀ ಕೇಸು

ಪ್ರಶ್ನೆ: ಚಿಂಚೋಳಿ ಕಡೆ ತೊಗರಿ ಹೊಲ, ಕಾಡುಹಂದಿ ಕಾಟ. ಲೈಸನ್ಸ್ ಬಂದೂಕಿದೆ. ಖಾಲಿ ತೋಟಾ ಮತ್ತೆ ತುಂಬಲು ಯಾವ ಯಂತ್ರ ಕೊಳ್ಳಲಿ?

ವಕೀಲರ ಉತ್ತರ: ಯಾವುದೂ ಬೇಡ. ನಿಮ್ಮ ಲೈಸನ್ಸ್ ಬಂದೂಕು ಇಟ್ಟುಕೊಳ್ಳಲಿಕ್ಕೆ, ತೋಟಾ ತಯಾರಿಸಲಿಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ತಯಾರಿಸುವ ಯಂತ್ರವೂ ‘ಮದ್ದುಗುಂಡೇ’. 5ನೇ ಕಲಮಿನ ಪ್ರಕಾರ ತಯಾರಿಕೆಗೆ ಬೇರೆಯೇ ಲೈಸನ್ಸ್ ಬೇಕು. ಇಲ್ಲದಿದ್ದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ತೋಟಾದಲ್ಲಿ ಉಳಿಸಿದ ದುಡ್ಡು ವಕೀಲರ ಫೀಸಿಗೂ ಸಾಲದು, ನಾನೇ ಹೇಳುತ್ತಿದ್ದೇನೆ.

ತೋಟಾ ಮಿತಿ ಸಾಲದಿದ್ದರೆ ಕಲಬುರಗಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಹಂದಿ ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಪ್ರತ್ಯೇಕ. ಬೆಳೆ ಹಾಳಾದ ಕೂಡಲೇ ಫೋಟೊ, ಪಹಣಿಯೊಂದಿಗೆ ವಲಯ ಅರಣ್ಯ ಕಚೇರಿಯಲ್ಲಿ ಪರಿಹಾರ ಕೇಳಿ. ಯಂತ್ರ ಈಗಾಗಲೇ ತರಿಸಿದ್ದರೆ, ಬಳಸದೆ ಇವತ್ತೇ ಕ್ರಿಮಿನಲ್ ವಕೀಲರನ್ನು ಕಾಣಿ.